ಊಟವಾದ ಮೇಲೆ

ಕಂಪ್ಯೂಟರು ವಿದ್ಯೆಯನ್ನು ಅರೆದು ಕುಡಿದಿರುವ ನನ್ನ ತಂಗಿಯ ಮಗನು, ಮಾತ್ರೆ ನುಂಗುವ ಕಾಲವನ್ನು ಜ್ಞಾಪಿಸತಕ್ಕ ಮೊಬೈಲ್ ಆ್ಯಪೊಂದನ್ನು ನಿರ್ಮಿಸಲು ಸಂಕಲ್ಪಿಸಿ, ಅದರ ಸಲಹೆಗಾರನ ಪೀಠವನ್ನು ನನಗೆ ದಯಪಾಲಿಸಿದುದು ನನ್ನ ಪಾಂಡಿತ್ಯವನ್ನು ಮೆಚ್ಚಿಯಲ್ಲ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಂಬ ತ್ರಿಮೂರ್ತಿಗಳನ್ನು ಒಂದೇ ದೇಹದಲ್ಲಿ ಪ್ರತಿಷ್ಠಾಪಿಸಿಕೊಂಡ ಪುಣ್ಯಾತ್ಮನು ವಂಶದಲ್ಲಿ ನಾನೊಬ್ಬನೇ ಎಂಬ ಕಾರಣದಿಂದ. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಿಗಳ ಪೈಕಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಔಷಧದ ಕಟ್ಟಳೆಯನ್ನು ಪಾಲಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ವರದಿ ಮಾಡಿದೆ. ಮಿಕ್ಕ ಅರ್ಧವನ್ನು ಉದ್ಧರಿಸುವ ಹೊಣೆ ತನ್ನದೆಂದು ಹುಡುಗನು ಭಾವಿಸಿದ್ದನು.

ಅವನ ನಕ್ಷೆ ಲಕ್ಷಣವಾಗಿಯೇ ಇತ್ತು. ವೈದ್ಯರ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಗಂಟೆ ಬಾರಿಸುವುದು. ಮಾತ್ರೆಯ ಸ್ಟ್ರಿಪ್ಪನ್ನು ಕ್ಯಾಮೆರಾಕ್ಕೆ ತೋರಿಸಿದರೆ ಹೆಸರನ್ನು ತಾನೇ ಓದಿಕೊಳ್ಳುವುದು. ಆದರೆ ಮೆಡಿಕಲ್ ಶಾಪಿನವರು ಹತ್ತರ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಡುವಾಗ ಹೆಸರಿನ ಪೂರ್ವಾರ್ಧವೂ ಎಕ್ಸ್‌ಪೈರಿ ತಾರೀಖೂ ಅವರಲ್ಲಿಯೇ ಉಳಿದು, ನಮ್ಮ ಪಾಲಿಗೆ ‘ಮಿನ್ 500’ ಎಂಬ ಬಾಲ ಮಾತ್ರ ಬರುವುದೆಂಬ ಸಂಗತಿ ಆ ನಕ್ಷೆಗೆ ತಿಳಿದಿರಲಿಲ್ಲ. ಹೊಸ ಮಾತ್ರೆಯನ್ನು ದಾಖಲಿಸುವಾಗ ‘ಪ್ರತಿದಿನ’ ಎಂಬುದು ತಾನಾಗಿಯೇ ತುಂಬಿಕೊಳ್ಳಬಾರದೆಂದು ಮಾತ್ರ ನಾನು ಹಠ ಹಿಡಿದೆನು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗತಕ್ಕುದು, ನಿತ್ಯ ನುಂಗಿದರೆ ಪ್ರಾಣಕ್ಕೇ ಕುತ್ತು. ಇದೊಂದನ್ನು ಅವನು ನಗದೆ ಬರೆದುಕೊಂಡನು.

ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನು ಮುಟ್ಟಬಾರದಷ್ಟೆ. ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುತ್ತಿರಲು, ಅದರ ಪರಿಮಳವನ್ನು ಆಘ್ರಾಣಿಸುತ್ತ ಕೈಕಟ್ಟಿ ಕುಳಿತಿರಬೇಕಾದ ಆ ಅವಧಿಯನ್ನು ಹುಡುಗನು ಪರದೆಯ ಮೇಲೆ ಮೆಲ್ಲನೆ ಕರಗುವ ಒಂದು ನೀಲಿ ವರ್ತುಲವಾಗಿ ಚಿತ್ರಿಸಿದ್ದನು. ವಿಶ್ವಾಮಿತ್ರನಿಗೆ ಮೇನಕೆಯನ್ನು ಕಳುಹಿದ ದೇವೇಂದ್ರನಿಗೂ ಈ ಕ್ರೌರ್ಯ ಹೊಳೆದಿರಲಾರದು.

ನಿಜವಾದ ತೊಡಕು ಹುಟ್ಟಿದ್ದು ನನ್ನ ಅಕ್ಕನಿಂದ.

“ಏಕಾದಶಿ ದಿನ ನಿನ್ನ ಯಂತ್ರ ಏನು ಹೇಳತ್ತೋ?”

“ಊಟ ಆದ್ಮೇಲೆ ತಗೊಳ್ಳಿ ಅನ್ನತ್ತೆ, ದೊಡ್ಡಮ್ಮ.”

“ಊಟವೇ ಇಲ್ಲವಲ್ಲೋ!”

‘ತೆಗೆದುಕೊಂಡೆ’, ‘ಬಿಟ್ಟೆ’ ಎಂಬ ಎರಡೇ ಗುಂಡಿಗಳಿದ್ದ ಪರದೆಗೆ ‘ಉಪವಾಸ’ ಎಂಬ ಮೂರನೆಯದು ಸೇರಿತು. ಅದನ್ನು ಒತ್ತಿದರೆ ಆಗಬೇಕಾದುದೇನು? ಸಕ್ಕರೆಯ ಮಾತ್ರೆಗಳಲ್ಲಿ ಕೆಲವು, ಉಣ್ಣದವರ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲವು. ಅಲ್ಲಿ ತೀರ್ಪು ಕೊಡುವ ಅಧಿಕಾರ ಯಂತ್ರಕ್ಕಿಲ್ಲ. ದೀರ್ಘಾಲೋಚನೆಯ ತರುವಾಯ ‘ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ’ ಎಂದು ಬರೆಯಲಾಯಿತು. “ಇಷ್ಟು ಹೇಳೋದಕ್ಕೆ ಇಂಜಿನಿಯರೇ ಬೇಕಾಯ್ತೇ?” ಎಂದಳು ಅಕ್ಕ.

ಪ್ರಯೋಗಾರ್ಥವಾಗಿ ಆ್ಯಪನ್ನು ಅವಳ ಫೋನಿಗೇ ಹಾಕಿಕೊಟ್ಟೆವು. ವಾರಾಂತ್ಯದ ವರದಿಯಲ್ಲಿ ಅವಳ ಪಾಲನೆ ನೂರಕ್ಕೆ ನೂರು. ಹಿಗ್ಗಿ ಹೀರೇಕಾಯಿಯಾದ ಹುಡುಗನು ಈ ಶಿಸ್ತಿನ ರಹಸ್ಯವೇನೆಂದು ವಿನಯದಿಂದ ವಿಚಾರಿಸಿದನು.

“ಬೆಳಗ್ಗೆ ಎದ್ದವಳೇ ರಾತ್ರಿಯದಕ್ಕೂ ಸೇರಿಸಿ ‘ತೆಗೆದುಕೊಂಡೆ’ ಒತ್ತಿಬಿಡ್ತೀನಪ್ಪ. ಇಲ್ಲದಿದ್ರೆ ಧಾರಾವಾಹಿ ಮಧ್ಯೆ ಬೊಬ್ಬೆ ಹೊಡೆಯತ್ತೆ.”