ನಾಲ್ಕನೇ ವಚನ ಎಲ್ಲಿ ಹೋಯ್ತು?

ಪೌಲನು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 1ನೇ ವಚನ ಕ್ರೈಸ್ತ ಅಪ್ಪಂದಿರಿಗೆಲ್ಲ ಬಾಯಿಪಾಠ: ಮಕ್ಕಳು ಹೆತ್ತವರ ಮಾತು ಕೇಳಬೇಕು. 4ನೇ ವಚನದಲ್ಲಿ ತಂದೆಯರು ಮಕ್ಕಳನ್ನು ರೇಗಿಸಬಾರದು ಎಂದಿದೆ. ಅಷ್ಟರಲ್ಲಿ ಅಪ್ಪಂದಿರ ಕನ್ನಡಕ ಕಳೆದುಹೋಗಿರುತ್ತದೆ!

ಸಂಜೆಯ ಜಪಸರವನ್ನೇ ನೋಡಿ. 53 ನಮೋ ಮರಿಯ ಮುಗಿಯುವವರೆಗೆ ಮೂರು ವರ್ಷದ ಪೋರ ಮಂಡಿಯೂರಿರಬೇಕಂತೆ. ಅವನೋ ಎರಡನೇ ಹತ್ತಕ್ಕೇ ಮೇಣದಬತ್ತಿ ಊದಿ ಹುಟ್ಟುಹಬ್ಬದ ಹಾಡು ಶುರುಮಾಡುತ್ತಾನೆ. ಅಪ್ಪ ಕಣ್ಣು ಕೆಂಪಗೆ ಮಾಡಿದರೆ, ಅಜ್ಜಿ ಬತ್ತಿ ಮತ್ತೆ ಹಚ್ಚಿ, "ಆಮೆನ್ ಹೇಳೋ ಕೆಲಸ ಇನ್ನು ನಿಂದು ಪುಟ್ಟಾ" ಎನ್ನುತ್ತಾರೆ. ಕೆಲಸ ಸಿಕ್ಕಿದ್ದೇ ತಡ, ಓಣಿಗೆಲ್ಲ ಆಮೆನ್!

ಏಳು ಸಲ ಸಾಲದು, ಏಳೆಪ್ಪತ್ತು ಸಲ ಕ್ಷಮಿಸು ಎಂದು ಯೇಸು ಪೇತ್ರನಿಗೆ ಹೇಳಿದರು. ಗುಣಿಸಿದರೆ 490. ಎಳೆಮಕ್ಕಳ ಮನೆಯಲ್ಲಿ ಆ ಕೋಟಾ ಮಂಗಳವಾರಕ್ಕೇ ಖಾಲಿ. ಬುಧವಾರದಿಂದ ತಾಳ್ಮೆಯೂ ಸಾಲದ್ದೇ.