ದಿನಾ ಎಂಟು ಹೊಡೆಯುವವನಿಗೆ ಲೈಸೆನ್ಸ್ ಯಾಕೆ?

(ಜಾಲಹಳ್ಳಿ ಕ್ರಾಸ್. ದರ್ಶಿನಿಯ ಮುಂದೆ ಬೈ-ಟೂ ಕಾಫಿ. ಎಚ್‌ಎಂಟಿಯಿಂದ ನಿವೃತ್ತರಾದ ರಾಯರು ಮತ್ತು ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡ ಮಂಜ.)

ರಾಯರು: ಏನಪ್ಪಾ, ಮೇನ್ ರೋಡ್ ಬಿಟ್ಟು ಗಲ್ಲಿಯಿಂದ ಬಂದೆ?

ಮಂಜ: ಸಿಗ್ನಲ್ ಹತ್ರ ಮಾಮ ನಿಂತವ್ರೆ ಸಾರ್. ನನ್ನತ್ರ ಡಿಎಲ್ ಇಲ್ಲ.

ರಾಯರು: ಎಲ್‌ಎಲ್‌ಆರ್ ಮಾಡಿಸಿ, 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ರೆ ಆಯ್ತಲ್ಲ?

ಮಂಜ: ಎಂಟನೇ ಕ್ಲಾಸಲ್ಲೇ ಬೈಕ್ ಓಡಿಸ್ದೋನು ನಾನು. ಈಗ ಎಲ್ ಬೋರ್ಡ್ ಹಾಕ್ಕೊಂಡ್ರೆ ಏರಿಯಾದಲ್ಲಿ ಮರ್ಯಾದೆ ಉಳಿಯುತ್ತಾ?

ರಾಯರು: ಕಾಲು ಊರದೆ ಎಂಟು ಹೊಡೀಬೇಕು, ಗೊತ್ತಾ?

ಮಂಜ: ಗುಂಡಿ ತಪ್ಪಿಸ್ತಾ ದಿನಾ ಎಂಬತ್ತೆಂಟು ಹೊಡೀತೀನಿ!

ರಾಯರು: 2019ರ ತಿದ್ದುಪಡಿ ಕಾಯ್ದೆ ದಂಡವನ್ನ 500ರಿಂದ 5000 ರೂಪಾಯಿಗೆ ಏರಿಸ್ತು ಕಣಯ್ಯ.

ಮಂಜ: ಅದಕ್ಕೇ ಸಾರ್ ಗಲ್ಲಿಗಳಿರೋದು.

ರಾಯರು: ಯಾರಿಗಾದ್ರೂ ಗುದ್ದಿದ್ರೆ? ಇನ್ಶೂರೆನ್ಸ್‌ನೋರು ಪರಿಹಾರ ಕೊಟ್ಟು, ಆಮೇಲೆ ಗಾಡಿ ಓನರ್ ಹತ್ರ ವಸೂಲಿಗೆ ಬರಬಹುದು.

ಮಂಜ: ಗಾಡಿ ಅಪ್ಪನ ಹೆಸ್ರಲ್ಲಿದೆ, ನಂಗೇನು?

ರಾಯರು: ಆಹಾ, ಪಿತೃಭಕ್ತಿ ಅಂದ್ರೆ ಇದಪ್ಪ!

ಮಂಜ: ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ದು ತೋರ್ಸಿ.

(ರಾಯರು ಹೆಮ್ಮೆಯಿಂದ ಪ್ಲಾಸ್ಟಿಕ್ ಕವರು ಬಿಚ್ಚಿ, ಅಂಚು ಸವೆದ ಲೈಸೆನ್ಸ್ ಕೊಡುತ್ತಾರೆ.)

ಮಂಜ: ಸಾರ್! ಇದರ ಅವಧಿ 2016ಕ್ಕೇ ಮುಗಿದೋಗಿದೆ!

ರಾಯರು: ಹೌದಾ? ಹೋಗಿ ರಿನ್ಯೂ ಮಾಡಿಸ್ತೀನಿ ಬಿಡು.

ಮಂಜ: ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡಬೇಕು. ಬನ್ನಿ, ಎಂಟು ಹೊಡೆಯೋದು ನಾನು ಕಲಿಸ್ತೀನಿ.

ರಾಯರು: ಕಲಿಸೋಕೆ ನಿಂಗೆ ಲೈಸೆನ್ಸ್ ಇದೆಯೇನೋ?