ಒಂದು ಒಳ್ಳೇ ಪುಸ್ತಕ ಸಿಗಬೇಕು, ಅಷ್ಟೆ

ನಮ್ಮ ಭಾವನಿಗೆ ಐವತ್ತೆರಡು. ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಮ್ಯಾನೇಜರು. 1999ರಲ್ಲಿ ಹಗಲೂ ರಾತ್ರಿ ಕೋಬಾಲ್ ಪ್ರೋಗ್ರಾಮುಗಳ ಮುಂದೆ ಕೂತು, ಎರಡಂಕಿಯ ಇಸವಿಗಳನ್ನೆಲ್ಲ ನಾಲ್ಕಂಕಿ ಮಾಡಿ, ಅಮೆರಿಕದ ಬ್ಯಾಂಕೊಂದನ್ನು 2000ನೇ ಇಸವಿಗೆ ಸುರಕ್ಷಿತವಾಗಿ ದಾಟಿಸಿದ ಪುಣ್ಯಾತ್ಮರು. ಆ ಪುಣ್ಯಕ್ಕೆ ಬಡ್ತಿ ಸಿಕ್ಕಿತು. ಬಡ್ತಿ ಸಿಕ್ಕಿದ್ದೇ ಕೋಡ್ ಬರೆಯುವ ಕಷ್ಟ ತಪ್ಪಿತು. ಅಲ್ಲಿಂದೀಚೆಗೆ ಎಕ್ಸೆಲ್ಲು, ಪವರ್‌ಪಾಯಿಂಟು, 'ಯಾವಾಗ ಮುಗಿಯುತ್ತೆ?' ಅನ್ನುವ ಒಂದು ಪ್ರಶ್ನೆ. ಇಷ್ಟರಲ್ಲೇ ಸಂಸಾರ ಸಾಗಿತು.

ಹೋದ ವರ್ಷ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, 'ಸರ್, ನೀವು ಯಾವ ಲ್ಯಾಂಗ್ವೇಜಲ್ಲಿ ಕೋಡ್ ಮಾಡ್ತಿದ್ರಿ?' ಅಂತ ಕೇಳಿಬಿಟ್ಟಳು. 'ಮಾಡ್ತೀರಿ' ಅನ್ನಲಿಲ್ಲ. ಆ ಭೂತಕಾಲ ಭಾವನ ಎದೆಗೆ ನಾಟಿತು. ಸಂಜೆಯೇ ನನಗೆ ಫೋನು: 'ಪೈಥಾನ್ ಕಲೀತೀನಿ ಕಣೋ. ಒಂದು ಒಳ್ಳೇ ಪುಸ್ತಕ ಸಿಗಬೇಕು, ಅಷ್ಟೆ.'

ಆ 'ಅಷ್ಟೆ'ಗೆ ಈಗ ಒಂದು ವರ್ಷ ತುಂಬಿದೆ.

ಶನಿವಾರ ಬಂತೆಂದರೆ ಭಾವ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿರುತ್ತಾರೆ. ಅವರು ಪುಸ್ತಕ ಆರಿಸುವುದು ಹಲಸಿನಹಣ್ಣು ಆರಿಸಿದ ಹಾಗೆ: ಎತ್ತಿ ತೂಕ ನೋಡುತ್ತಾರೆ, ತಟ್ಟುತ್ತಾರೆ, ಮೂಸುತ್ತಾರೆ, ಆಮೇಲೆ ಚೌಕಾಸಿಗೆ ನಿಲ್ಲುತ್ತಾರೆ. ಹಾಗೆ ತಂದ ಎಂಟುನೂರು ಪುಟದ ಪೈಥಾನ್ ಪುಸ್ತಕ ನೋಡಿ ನೋಡಿ ಮೊದಲ ಸಾಲು ಟೈಪ್ ಮಾಡಿದರು. ಕಂಪ್ಯೂಟರು ತಪ್ಪೆಂದಿತು. ಇನ್ನೊಮ್ಮೆ ಮಾಡಿದರು, ಇನ್ನೊಮ್ಮೆ ತಪ್ಪೆಂದಿತು. ಇಂಜಿನಿಯರಿಂಗ್ ಓದುವ ಮಗಳು ಬಂದು ಇಣುಕಿದಳು.

'ಅಪ್ಪಾ, ಇದು ಪೈಥಾನ್ ಎರಡು! ಮೂರು ಬಂದಿದ್ದು 2008ರಲ್ಲಿ. ಈಗ ಪ್ರಿಂಟ್ ಅಂದ ಮೇಲೆ ಬ್ರಾಕೆಟ್ ಹಾಕಲೇಬೇಕು. ನಿನ್ನ ಎರಡಕ್ಕೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಯ್ತು. ಪುಸ್ತಕದ ಇಸವಿ ನೋಡಲಿಲ್ವಾ?'

ಇಸವಿ ತಿದ್ದಿಯೇ ಬಡ್ತಿ ಪಡೆದವರಿಗೆ ಈ ಮಾತು!

ಈಗ ಷೋಕೇಸಿನಲ್ಲಿ ಹದಿನಾಲ್ಕು ಪೈಥಾನ್ ಪುಸ್ತಕಗಳಿವೆ. ಹದಿನಾಲ್ಕರಲ್ಲೂ ಓದಿದ ಪುಟಕ್ಕೆ ಅಂಗಡಿಯ ರಸೀದಿಯೇ ಗುರುತು, ಅದೂ ಇನ್‌ಸ್ಟಾಲ್ ಮಾಡುವ ಅಧ್ಯಾಯದಲ್ಲೇ. 'ಇದು ಪರವಾಗಿಲ್ಲ, ಆದ್ರೆ ಇದಕ್ಕಿಂತ ಒಳ್ಳೇದು ಇನ್ನೊಂದಿದೆಯಂತೆ' ಎಂದು ಭಾವ ಅಂದಾಗಲೆಲ್ಲ ಅಕ್ಕ ಅಡುಗೆಮನೆಯಿಂದಲೇ ಹೇಳುತ್ತಾಳೆ: 'ಹೆಣ್ಣು ನೋಡುವಾಗಲೂ ಹೀಗೇ ಹದಿನಾಲ್ಕು ಮನೆ ಉಪ್ಪಿಟ್ಟು ತಿಂದಿದ್ರು.'

ಅದೇ ಷೋಕೇಸಿನ ಮೂಲೆಯಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕವಿದೆ. 1988ರ ಎರಡನೇ ಆವೃತ್ತಿ, ಮುನ್ನೂರು ಪುಟವೂ ಇಲ್ಲ. ತೆರೆದರೆ ಕಾಲೇಜು ದಿನಗಳ ಭಾವನ ಪೆನ್ಸಿಲ್ ಬರಹ. ಒಂದೊಂದು ಅಭ್ಯಾಸಕ್ಕೂ ಅಂಚಿನಲ್ಲಿ ಉತ್ತರ. ಅದನ್ನು ಅವರು ಆರಿಸಿ ತಂದದ್ದಲ್ಲ. ಆಗ ಕೈಗೆ ಸಿಕ್ಕಿದ್ದು ಅದೊಂದೇ. ಹಾಗಾಗಿ ಕಲಿತರು.

ನವರಾತ್ರಿಯಲ್ಲಿ ಹದಿನಾಲ್ಕೂ ಪುಸ್ತಕ ಸರಸ್ವತಿಯ ಮುಂದೆ ಕೂತವು. ಪೂಜೆಗಿಟ್ಟ ಪುಸ್ತಕ ಓದಬಾರದೆಂಬ ಶಾಸ್ತ್ರವನ್ನು ನಾವೆಲ್ಲ ಎರಡು ಮೂರು ದಿನ ಪಾಲಿಸಿದರೆ, ಭಾವ ವರ್ಷವಿಡೀ ಪಾಲಿಸುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಭಾವ ಇದ್ದರೆ, ದಯವಿಟ್ಟು ಹದಿನೈದನೆಯದನ್ನು ಉಡುಗೊರೆ ಕೊಡಬೇಡಿ. ಇಸವಿ ನೋಡಿ ಒಂದನ್ನು ಉಳಿಸಿ, ಮಿಕ್ಕ ಹದಿಮೂರನ್ನು ಅವೆನ್ಯೂ ರಸ್ತೆಗೆ ಸಾಗಿಸಿ. ಅಲ್ಲಿ ಇನ್ನೊಬ್ಬರ ಭಾವ ಕಾಯುತ್ತಿರುತ್ತಾರೆ.